ರಂಗೋಲಿಯ ಕೆಳಗೆ

ತಿತಿಮತಿಯ ವಲಯ ಕಚೇರಿಯಲ್ಲಿ ನನ್ನ ಕೆಲಸ
ಆನೆ ಎಲ್ಲಿದೆ ಎಂದು ಹೇಳುವುದು.
ಕಾವಲಿನ ಚುಬ್ರ ಫೋನ್ ಮಾಡುತ್ತಾನೆ,
ನಾನು ಗುಂಡಿ ಒತ್ತುತ್ತೇನೆ,
ನಾಲ್ಕು ಸಾವಿರ ಜೇಬುಗಳಲ್ಲಿ ಒಂದೇ ಸಲ ನಡುಕ:
ಎರಡು ಹೆಣ್ಣು, ಒಂದು ಮರಿ, ದೇವರಪುರದ ಕಡೆಗೆ.

ಗೋಡೆಯ ಮೇಲೆ ನಕ್ಷೆ. ಮಾಲ್ದಾರೆಯ ಮೇಲೆ
ಯಾರೋ ಇಟ್ಟ ಟೀ ಲೋಟದ ಉಂಗುರ.
ನೀಲಿ ಗೆರೆ ಮೊದಲು ತೋಡಿದ ಕಂದಕ;
ದಡದ ಮಣ್ಣು ಕೆಡವಿ, ಇಳಿಜಾರು ಮಾಡಿಕೊಂಡು ದಾಟಿದವು.
ಹಳದಿ ಗೆರೆ ಸೌರ ತಂತಿ;
ದಂತಕ್ಕೆ ಕರೆಂಟು ಹೊಡೆಯದೆಂಬುದನ್ನು
ಯಾವ ಐಟಿಐಗೂ ಹೋಗದೆ ಕಲಿತವು.
ಕೆಂಪು ಗೆರೆ ರೈಲು ಕಂಬಿ.
ಕಂಬಿ ಗಟ್ಟಿ. ಒಪ್ಪಬೇಕು.
ಆದರೆ ದುಡ್ಡು ಮುಗಿದಲ್ಲಿ ಕಂಬಿ ಮುಗಿಯುತ್ತದೆ,
ಕಂಬಿ ಮುಗಿದಲ್ಲಿ ಆನೆ ಶುರು.

ಬಿದ್ದಪ್ಪನವರ ತೋಟ ಉಳಿಯಿತು.
ತುದಿಯ ಲೈನ್‌ಮನೆಯಲ್ಲಿ ಯರವರ ಚೋಮಿಯ ಬಾಳೆ ಹೋಯಿತು,
ಅಡುಗೆಮನೆಯ ಗೋಡೆ ಹೋಯಿತು,
ಗೋಡೆಗೆ ಆನಿಸಿಟ್ಟಿದ್ದ ಅಕ್ಕಿ ಮೂಟೆ ಹೋಯಿತು.
ವರದಿಯಲ್ಲಿ ನಾನೇ ಟೈಪು ಮಾಡಿದ ಪದ: ಯಶಸ್ವಿ.

ಮಡಿಕೇರಿಯ ತರಬೇತಿಗೆ ಮೈಸೂರಿನಿಂದ ಬಂದ
ಇಂದುಧರ ಮೇಷ್ಟ್ರು ಬೋರ್ಡಿನ ತುಂಬ
ಚೌಕ ಬರೆದರು, ಚೌಕದಿಂದ ಚೌಕಕ್ಕೆ ಬಾಣ.
ಬಾಣ ಸುತ್ತಿ ಹೊರಟಲ್ಲಿಗೇ ಬಂದು ಚುಚ್ಚಿತು.
"ಹಿಡಿತದಲ್ಲಿ ಇಡಬೇಕಾದದ್ದಕ್ಕೆ ಎಷ್ಟು ಉಪಾಯಗಳಿವೆಯೋ
ಹಿಡಿಯುವವನಿಗೂ ಅಷ್ಟೇ ಇರಬೇಕು" ಎಂದರು.
ಹಿಂದಿನ ಬೆಂಚಿನಲ್ಲಿ ಚುಬ್ರ ಕೆಮ್ಮಿದ:
"ಸಾರ್, ಅದು ಆಗಲೇ ರಂಗೋಲಿ ಕೆಳಗೆ ತೂರಿ ಹೋಗಿದೆ.
ನಾವಿನ್ನೂ ಚಾಪೆ ನೇಯ್ತಾ ಇದ್ದೀವಿ."
ಮೇಷ್ಟ್ರು ನಗಲಿಲ್ಲ. ಬರೆದುಕೊಂಡರು.

ಊಟದ ನಂತರ, ನಿದ್ದೆ ತೂಗುವ ಹೊತ್ತಿಗೆ, ನನ್ನನ್ನು ಕೇಳಿದರು:
"ಈ ಚಿತ್ರದಲ್ಲಿ ನೀವೆಲ್ಲಿ?"
ನಾನು ಕಚೇರಿಯಲ್ಲಿ, ಎಂದೆ.
"ಅದು ನಕ್ಷೆಯ ಹೊರಗೋ, ಒಳಗೋ?"

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ.
ದೇವರಪುರ ಎಂದು ನಾನು ಕಳಿಸುತ್ತೇನೆ.
ದೇವರಪುರಕ್ಕೆ ಜೀಪು ಬರುತ್ತದೆ, ಪಟಾಕಿ ಬರುತ್ತದೆ,
ವಿಡಿಯೋ ತೆಗೆಯುವ ಹುಡುಗರು ಬರುತ್ತಾರೆ.
ಹಿಂಡು ಬೆದರಿ ಮಾಯಮುಡಿಗೆ ತಿರುಗುತ್ತದೆ;
ಅಲ್ಲಿ ಜೇಬುಗಳು ಇನ್ನೂ ನಡುಗಿಲ್ಲ.
ನಾನು ಹೇಳಿದ್ದರಿಂದಲೇ
ನಾನು ಹೇಳಿದ್ದು ಸುಳ್ಳಾಗುತ್ತದೆ.
ಆರು ವರ್ಷ ಆನೆ ಓಡಿಸಿದ್ದು ನನ್ನ ಹೆಬ್ಬೆರಳೂ ಹೌದು.

ಈಗ ಸಂದೇಶ ಬೇರೆ. ಆನೆ ಎಲ್ಲಿದೆ ಎಂದಲ್ಲ,
ನಾವು ಎಲ್ಲಿರಬಾರದು ಎಂದು:
ಇಂದು ಆರರಿಂದ ಎಂಟು, ಕೆರೆ ಏರಿಯ ದಾರಿ ಬಿಡಿ.
ಪಟಾಕಿಗೆ ಬೀಗ. ಶಾಲೆ ಬಸ್ಸು ಅರ್ಧ ಗಂಟೆ ತಡ.
ದೇಚಮ್ಮನವರು ಹಲಸನ್ನು ಗುಜ್ಜೆಯಲ್ಲೇ ಇಳಿಸಿದರು,
"ನನಗೂ ಬೇಡ, ಅದಕ್ಕೂ ಬೇಡ" ಎಂದು ಬೈಯುತ್ತ.
ಎಲ್ಲಕ್ಕಿಂತ ಜಗಳ ಆದದ್ದು
ಕೆಂಪು ಗೆರೆಯಲ್ಲಿ ಎಂಟು ಕಂಬ ಕೀಳುವುದಕ್ಕೆ.
"ಬೇಲಿ ಹಾಕೋಕೂ ಬಿಲ್ಲು, ಕೀಳೋಕೂ ಬಿಲ್ಲಾ?"
ಎಂದರು ಬಿದ್ದಪ್ಪ, ಸರಿಯಾಗಿಯೇ.
ಚೋಮಿ ಏನೂ ಕೇಳಲಿಲ್ಲ;
ಹೊಸ ಗೋಡೆಗೆ ಅಕ್ಕಿ ಮೂಟೆ ಆನಿಸಲೂ ಇಲ್ಲ.

ಹನ್ನೊಂದು ರಾತ್ರಿ ನೆಟ್ಟಗೆ ನಡೆಯಿತು.
ಹನ್ನೆರಡನೆಯ ರಾತ್ರಿ ನೀರಿನ ಪೈಪು ಒಡೆದವು,
ಯಾಕೆ ಎಂದು ಯಾವ ಬಾಣವೂ ಹೇಳಲಿಲ್ಲ.
ಮೇಷ್ಟ್ರಿಗೆ ಬರೆದೆ. "ಒಳ್ಳೆಯದು,
ಅದನ್ನೂ ಚಿತ್ರಕ್ಕೆ ಸೇರಿಸಿ" ಎಂದು ಉತ್ತರ ಬಂತು.
ಸೇರಿಸಿದೆ. ಪೆನ್ಸಿಲಿನಲ್ಲಿ.

ಈಗ ಏಳೂ ಹತ್ತು. ಚುಬ್ರನ ಫೋನು, ಪಿಸುದನಿ:
"ಬಂದಿದೆ. ಕಂಬ ಕಿತ್ತ ಜಾಗದಲ್ಲಿ ನಿಂತಿದೆ."
ದಾಟುತ್ತಿದೆಯಾ?
"ಇಲ್ಲ. ಕಂಬದ ಗುಂಡಿ ಮೂಸ್ತಾ ಇದೆ.
ಇದೇನು ಹೊಸ ಮೋಸ ಅಂತ ನೋಡ್ತಾ ಇರ್ಬೇಕು."
ಮತ್ತೆ ಮಾತಿಲ್ಲ. ಫೋನಿನಲ್ಲಿ ಜೀರುಂಡೆ.
ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ
ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ.